ಮೊಬೈಲಿಗೂ ಒಂದು ಸಿಲಿಂಡರ್

ಮೈಸೂರಿನ ದಟ್ಟಗಳ್ಳಿಯಲ್ಲಿ ಮೊನ್ನೆ ಸಂಜೆ ಮಳೆ ಹನಿಯುವ ಮೊದಲೇ ಕರೆಂಟ್ ಹೋಯಿತು. ಮೊಬೈಲಿನಲ್ಲಿ ನಾಲ್ಕೇ ಪರ್ಸೆಂಟ್. ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ ಸಮಾಧಾನ ಹೇಳಿದ: "ಇನ್ನು ಸ್ವಲ್ಪ ದಿನ ಮಾವ, ಪುಟಾಣಿ ಫ್ಯೂಯೆಲ್ ಸೆಲ್ ಬರುತ್ತೆ. ಮೆಥನಾಲ್ ಹಾಕಿದ್ರಾಯ್ತು, ಪ್ಲಗ್ಗೇ ಬೇಡ."

ಈ 'ಸ್ವಲ್ಪ ದಿನ'ಕ್ಕೆ ಗಡ್ಡ ನೆರೆತಿದೆ. ಜಲಜನಕ, ಆಮ್ಲಜನಕ ಕೂಡಿಸಿ ವಿದ್ಯುತ್ ತೆಗೆಯಬಹುದೆಂದು ವಿಲಿಯಂ ಗ್ರೋವ್ ತೋರಿಸಿದ್ದು 1839ರ ಸುಮಾರಿಗೆ. ಮೈಸೂರಿಗೆ ಕರೆಂಟ್ ದೀಪ ಬಂದದ್ದೇ 1908ರಲ್ಲಿ. ಅದೇ ವಿದ್ಯೆ ಅಪೋಲೊ ನೌಕೆಯಲ್ಲಿ ಕೂತು ಚಂದ್ರನ ತನಕ ಹೋಗಿಬಂತು. ದಟ್ಟಗಳ್ಳಿಗೆ ಮಾತ್ರ ಅದಕ್ಕಿನ್ನೂ ಬಸ್ಸು ಸಿಕ್ಕಿಲ್ಲ.

2009ರಲ್ಲಿ ತೋಷಿಬಾ 'ಡೈನಾರಿಯೊ' ಎಂಬ ಫ್ಯೂಯೆಲ್ ಸೆಲ್ ಡಬ್ಬಿಯನ್ನು ಮಾರಿತು. ಜಪಾನಿನಲ್ಲಷ್ಟೇ, ಅದೂ 3,000 ಮಾತ್ರ. ಬೆಲೆ 29,800 ಯೆನ್. 14 ಮಿಲಿಲೀಟರ್ ಮೆಥನಾಲ್ ಕುಡಿಸಿದರೆ ಎರಡು ಮೊಬೈಲಿನ ಹೊಟ್ಟೆ ತುಂಬುತ್ತಿತ್ತು. ಡಬ್ಬಿ ಬಿಚ್ಚಿದರೆ ಒಳಗೊಂದು ಲಿಥಿಯಂ ಬ್ಯಾಟರಿ! ಬ್ಯಾಟರಿಯನ್ನು ಮನೆಯಿಂದ ಓಡಿಸಲು ಹೊರಟವರು ಅದರ ಹೆಗಲೇರಿಯೇ ಬಂದಿದ್ದರು.

ಮೆಥನಾಲಿನಲ್ಲಿ ಕಸುವಿಲ್ಲ ಎನ್ನುವಂತಿಲ್ಲ. ತೂಕಕ್ಕೆ ತೂಕ ಇಟ್ಟರೆ ಲಿಥಿಯಂ ಬ್ಯಾಟರಿಗಿಂತ ಇಪ್ಪತ್ತು ಪಟ್ಟಿನಷ್ಟು ಶಕ್ತಿ ಅದರಲ್ಲಿದೆ. ಆದರೆ ಸೆಲ್ಲಿನ ನಡುವಿನ ಪೊರೆಯನ್ನು ದಾಟಿ ಒಂದಿಷ್ಟು ಇಂಧನ ಕೆಲಸ ಮಾಡದೆಯೇ ಆಚೆ ಸೋರಿಹೋಗುತ್ತದೆ. ಸರ್ಕಾರಿ ಅನುದಾನ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕ್ರಿಯೆ ನಡೆಯಲು ಪ್ಲಾಟಿನಂ ಬೇರೆ ಬೇಕು. ಅಂದಮೇಲೆ ಚಾರ್ಜರನ್ನು ರಾತ್ರಿ ಬೀರುವಿನಲ್ಲಿಟ್ಟು ಬೀಗ ಹಾಕಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಅಂಗಡಿಯದು. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಸಾರಾಯಿ 300ಕ್ಕೂ ಹೆಚ್ಚು ಬಡವರ ಜೀವ ತೆಗೆಯಿತು. ಅಂಥ ವಿಷವನ್ನು ಶೆಟ್ಟರಂಗಡಿಯಲ್ಲಿ ಶಾಂಪೂ ಸ್ಯಾಶೆಯ ಪಕ್ಕ ನೇತುಹಾಕಲು ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಹಾಗಾದರೆ ಲೈಸೆನ್ಸು, ಆಧಾರ್, ಎರಡು ಫೋಟೊ, 'ಮೊಬೈಲಿಗೆ ಕುಡಿಸಲು, ಸ್ವಂತ ಬಳಕೆಗಲ್ಲ' ಎಂಬ ಮುಚ್ಚಳಿಕೆ. ಗ್ಯಾಸ್ ಸಿಲಿಂಡರಿನ ಹಾಗೆ ಇದಕ್ಕೂ ಬುಕಿಂಗ್, ಇದಕ್ಕೂ ಸಬ್ಸಿಡಿ.

"ಬುಕಿಂಗ್ ಸುಲಭ ಮಾವ. ನಿಮ್ಮ ಮೊಬೈಲಿಗೆ ಒಟಿಪಿ ಬರುತ್ತೆ, ಅದನ್ನು ಹೇಳಿದ್ರೆ ಮುಗೀತು," ಎಂದ ಅಳಿಯ.

ನನ್ನ ಮೊಬೈಲ್ ಅಷ್ಟೊತ್ತಿಗೆ ಕಣ್ಣು ಮುಚ್ಚಿತ್ತು. ಅವನು ತನ್ನದನ್ನು ಆಗಲೇ ಕಾರಿಗೆ ಸಿಕ್ಕಿಸಿ ಬಂದಿದ್ದ.