ಅಪ್ಪೆಮಿಡಿಗೊಂದು ಎಲ್‌ಇಡಿ ಗೋಡೆ

ಸಾಗರದ ಉಪ್ಪಿನಕಾಯಿ ಯಜಮಾನರ ಜಗಲಿಯಲ್ಲಿ ಬೆಂಗಳೂರಿನ ಜಾಹೀರಾತು ಏಜೆನ್ಸಿ ಹುಡುಗ ಲ್ಯಾಪ್‌ಟಾಪ್ ತೆರೆದ.

“ಸರ್, ನಮ್ ಸ್ಟುಡಿಯೊದಲ್ಲಿ ಎಲ್‌ಇಡಿ ಗೋಡೆ ಇದೆ. ಶರಾವತೀನೇ ಹರಿಸಿಬಿಡ್ತೀವಿ!”

“ಹೊಳೆ ಇಲ್ಲೇ ಉಂಟಲ್ಲೋ ಮಾರಾಯ.”

“ಇಲ್ಲಿ ಬೆಳಕು ನಮ್ಮ ಕೈಲಿರಲ್ಲ ಸರ್.”

(ಸೂರ್ಯನ ಹೆಸರಲ್ಲಿ ಬಿಲ್ಲೂ ಹಾಕಲಾಗದು.)

“ಮಿಡಿ ಮೇಲೆ ಗ್ಲಿಸರಿನ್ ನೀರು ಚಿಮುಕಿಸಿದ್ರೆ ಇಬ್ಬನಿ ರೆಡಿ!”

“ನೀರು ತಾಗಿದ್ರೆ ಉಪ್ಪಿನಕಾಯಿ ಬೂಷ್ಟು ಹಿಡೀತದೆ.”

“ಜಾಹೀರಾತಲ್ಲಿ ಹಿಡಿಯಲ್ಲ ಸರ್. ಇದು ನೋಡಿ, ಎಐ ಬಿಡಿಸಿದ ಅಪ್ಪೆಮಿಡಿ.”

“ಇದು ರಸಪುರಿ ಹಣ್ಣಲ್ವೇನೋ! ಮಿಡಿ ಅಂದ್ರೆ ಎಳೇದು, ಹಸಿರು. ತೊಟ್ಟು ಮುರಿದ್ರೆ ಸೊನೆ ಘಂ ಅನ್ಬೇಕು.”

“ಪ್ರಾಂಪ್ಟಿಗೆ ‘ಘಂ’ ಸೇರಿಸ್ತೀನಿ ಸರ್.”

“ಅಮುಲ್ ಹುಡುಗಿ 1966ರಿಂದ ಅದೇ ಚುಕ್ಕಿ ಫ್ರಾಕಲ್ಲಿ ಬೆಣ್ಣೆ ಮಾರ್ತಿದಾಳೆ. ಕೈಯಲ್ಲಿ ಬಿಡಿಸಿದ ಚಿತ್ರ, ರಸ್ತೆ ಬದಿ ಹೋರ್ಡಿಂಗು. ಅವಳಿಗೆ ಯಾವ ಗೋಡೆ ಇತ್ತೋ?”

ಹುಡುಗನ ಕಣ್ಣು ಮಿನುಗಿತು. “ಪಾಪ, ಅವಳಿಗೂ ಅರ್ಜೆಂಟಾಗಿ ರೀಬ್ರ್ಯಾಂಡಿಂಗ್ ಬೇಕು ಸರ್!”

“ಅದಿರ್ಲಿ, ನಮ್ಮ ಉಪ್ಪಿನಕಾಯಿ ರುಚಿ ನೋಡಿದೀಯಾ?”

“ಇಲ್ಲ ಸರ್, ಡೇಟಾ ನೋಡಿದೀನಿ.”

“ಏಳು, ಎಲೆ ಹಾಕಿದೆ. ಊಟ ಮಾಡು.”

“ಒಂದೇ ನಿಮಿಷ ಸರ್, ಸಾರಿನ ಹಬೆ ಫ್ರೇಮಿಗೆ ಸಾಲ್ತಿಲ್ಲ. ಹಿಂದಿನಿಂದ ಯಾರಾದ್ರೂ ಊದಬಹುದಾ?”