ಹಿಂದಿನ ಬೆಂಚಿನ ಚಿಕಿತ್ಸೆ

ಧ್ವನಿತಂತುಗಳು ಎರಡು. ಧ್ವನಿಪೆಟ್ಟಿಗೆಯೊಳಗೆ, ಶ್ವಾಸನಾಳದ ಬಾಯಿಯಲ್ಲಿ ಎದುರುಬದುರಾಗಿರುವ ಈ ಮಡಿಕೆಗಳ ಉದ್ದ ವಯಸ್ಕ ಗಂಡಸರಲ್ಲಿ ಸುಮಾರು 2 ಸೆಂಟಿಮೀಟರು, ಹೆಂಗಸರಲ್ಲಿ ಇನ್ನೂ ಕಡಿಮೆ. ಗದ್ದಲದ ತರಗತಿಯನ್ನು ಸುಮ್ಮನಿರಿಸುವ ಹೊಣೆ ಇಷ್ಟು ಪುಟ್ಟ ವಸ್ತುವಿನ ಮೇಲಿದೆ. ಮಾತಾಡುವಾಗ ಇವು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಇನ್ನೂರರ ಆಸುಪಾಸು, ಒಂದನ್ನೊಂದು ತಾಗಿ ಬಿಡುತ್ತವೆ. ಕೂಗಿದರೆ ತಾಗುವ ರಭಸ ಹೆಚ್ಚುತ್ತದೆ. ದಿನವಿಡೀ ಕೂಗಿದರೆ ಅಂಚು ಊದಿಕೊಳ್ಳುತ್ತದೆ. ಊದಿದ ತಂತು ಭಾರವಾಗಿ, ಲಯ ತಪ್ಪಿ ಅಲುಗುವುದರಿಂದ ಸ್ವರ ದಪ್ಪಗಾಗಿ ಒಡೆಯುತ್ತದೆ. ಮೇಷ್ಟ್ರು, ಕಂಡಕ್ಟರು, ರಾತ್ರಿಯಿಡೀ ಹಾಡುವ ಯಕ್ಷಗಾನದ ಭಾಗವತರು, ಮತ ಕೇಳುವ ಅಭ್ಯರ್ಥಿ, ಇವರೆಲ್ಲ ಈ ಒಂದು ವಿಷಯದಲ್ಲಿ ಸಮಾನರು.

ಗಂಟಲು ಕಟ್ಟಿದ ಸುದ್ದಿ ಹಬ್ಬಿದೊಡನೆ ಮನೆಮನೆಯಿಂದ ಒಂದೊಂದು ಕಷಾಯ ಹೊರಡುತ್ತದೆ. ಆದರೆ ಕಷಾಯಕ್ಕೆ ಧ್ವನಿತಂತುವಿನ ದರ್ಶನಭಾಗ್ಯವಿಲ್ಲ. ನುಂಗುವ ಗಳಿಗೆಯಲ್ಲಿ ಧ್ವನಿಪೆಟ್ಟಿಗೆ ಬಾಗಿಲು ಹಾಕಿಕೊಳ್ಳುತ್ತದೆ. ಕುಡಿದದ್ದೆಲ್ಲ ಅನ್ನನಾಳದ ಪಾಲು. ನೀರಿನ ತೇವ ಮೈಯೆಲ್ಲ ಸುತ್ತಿ ಆಮೇಲೆ ಅಲ್ಲಿಗೆ ಮುಟ್ಟುತ್ತದೆ. ನೇರವಾಗಿ ಒಳಹೋಗುವುದು ಉಸಿರಿನ ಜೊತೆ ಬರುವ ಹಬೆ. ಹಾಗೆಂದು ಶುಂಠಿ, ಕಲ್ಲುಸಕ್ಕರೆ ತಂದವರ ಮನಸ್ಸು ನೋಯಿಸಬೇಕಿಲ್ಲ. ಗಂಟಲಿಗೆ ಹಿತವಂತೂ ಆಗುತ್ತದೆ.

ಮೊದಲ ಮದ್ದು ಮಾತು ಕಡಿಮೆ ಮಾಡುವುದು. ಇದು ಸುಲಭವಲ್ಲ. ಸ್ವರ ಬಿದ್ದವರು, ತಮಗೆ ಮಾತಾಡಬಾರದೆಂದು ಡಾಕ್ಟರು ಹೇಳಿರುವುದನ್ನು ಎದುರಿಗೆ ಬಂದವರಿಗೆಲ್ಲ ವಿವರಿಸುತ್ತಾರೆ, ಅದೂ ಪಿಸುದನಿಯಲ್ಲಿ. ಒತ್ತಿ ಪಿಸುಗುಟ್ಟಿದರೆ ಗಂಟಲು ಇನ್ನಷ್ಟು ಬಿಗಿಯುತ್ತದೆ. ಮೆಲ್ಲಗೆ, ಸಹಜ ದನಿಯಲ್ಲಿ ನಾಲ್ಕು ಮಾತಾಡುವುದೇ ವಾಸಿ. ಪದೇಪದೇ ಖಾಕರಿಸುವುದೂ ಕೂಡದು. ಖಾಕರಿಸಿದಾಗ ತಂತುಗಳು ಜೋರಾಗಿ ಬಡಿದುಕೊಳ್ಳುತ್ತವೆ, ಇನ್ನಷ್ಟು ಕಫ ಕಟ್ಟಿದಂತಾಗುತ್ತದೆ, ಮತ್ತೆ ಖಾಕರಿಕೆ. ಒಂದು ಗುಟುಕು ನೀರು ನುಂಗಿದರೆ ಆ ಸರಪಳಿ ತುಂಡಾಗುತ್ತದೆ.

ಒಂದೆರಡು ದಿನ ವಿಶ್ರಾಂತಿಯಾದ ಮೇಲೆ ವ್ಯಾಯಾಮ. ಇಲ್ಲಿ ಶಾಲಾ ಮೇಷ್ಟ್ರಿಗೆ ನಿಜವಾದ ಸಂಕಟ ಎದುರಾಗುತ್ತದೆ: ಹಿಂದಿನ ಬೆಂಚಿನಲ್ಲಿ ಯಾವ ಯಾವ ಸದ್ದಿಗೆ ಅವರು ಕಿವಿ ಹಿಂಡುತ್ತಿದ್ದರೋ ಅವೆಲ್ಲವೂ ಚಿಕಿತ್ಸೆಯ ಪಟ್ಟಿಯಲ್ಲಿವೆ. ಅರ್ಧ ಲೋಟ ನೀರಿಗೆ ಸ್ಟ್ರಾ ಅದ್ದಿ, ತುದಿ ಎರಡು ಸೆಂಟಿಮೀಟರಿನಷ್ಟು ಮುಳುಗಿರುವಂತೆ ಹಿಡಿದು, ತುಟಿ ಬಿಗಿದು, ಮೆತ್ತಗೆ 'ಊ' ಎನ್ನುತ್ತ ಗುಳ್ಳೆ ಎಬ್ಬಿಸಬೇಕು. ಗುಳ್ಳೆ ಮಾತ್ರ ಬಂದು ದನಿ ಬರದಿದ್ದರೆ ಅದು ಬರೀ ಆಟ. ಬಾಯಿಯ ದಾರಿ ಕಿರಿದಾದಾಗ ಗಾಳಿಯ ಒತ್ತಡ ಹಿಂದಕ್ಕೆ ಬಂದು ತಂತುಗಳನ್ನು ತುಸು ದೂರವಿಡುತ್ತದೆ. ಬಡಿತ ಹಗುರವಾಗಿ ಕಂಪನ ಮುಂದುವರಿಯುತ್ತದೆ. ಫಿನ್ಲೆಂಡಿನ ಧ್ವನಿಚಿಕಿತ್ಸಕರು ಇಂಥ ಕೊಳವೆಗಳನ್ನು ಬಹುಕಾಲದಿಂದ ಬಳಸಿದ್ದಾರೆ. ಸ್ಟ್ರಾ ಊದುವುದರ ಹಿಂದಿನ ಭೌತಶಾಸ್ತ್ರವನ್ನು ವಿವರಿಸಿ ಅದಕ್ಕೆ ಮರ್ಯಾದೆ ತಂದವರು ಅಮೆರಿಕದ ಧ್ವನಿವಿಜ್ಞಾನಿ ಇಂಗೊ ಟೀಟ್ಸೆ.

ಲೋಟ ಸಿಗದ ಕಡೆ ತುಟಿ ಅದುರಿಸಿ, ಬಸ್ಸಾಟವಾಡುವ ಮಗುವಿನಂತೆ 'ಬುರ್ರ್' ಎನ್ನಬಹುದು. ಅದಕ್ಕೂ ನಾಚಿಕೆಯಾದರೆ ಬಾಯಿ ಮುಚ್ಚಿ 'ಮ್' ಎಂದು ಗುನುಗಬಹುದು. ಮೂಗು, ತುಟಿಗಳಲ್ಲಿ ಝುಮ್ಮೆನಿಸಿದರೆ ಸರಿದಾರಿ. ಭ್ರಾಮರಿ ಪ್ರಾಣಾಯಾಮ ಎಂದು ಹೇಳಿಕೊಂಡರೆ ಮನೆಯವರೂ ಗೌರವದಿಂದ ನೋಡುತ್ತಾರೆ. ಒಂದೆರಡು ನಿಮಿಷದಂತೆ ದಿನಕ್ಕೆ ಹಲವು ಸಲ ಸಾಕು. ಹಿತವಾದ ಶ್ರುತಿಯಿಂದ ಶುರುಮಾಡಿ ಸ್ವಲ್ಪವೇ ಏರಿಳಿಯಬೇಕು. ತಾರಸ್ಥಾಯಿಯ ಹಟ ಬೇಡ. ನೋವಾದರೆ, ಸ್ವರ ಇನ್ನೂ ಒಡೆದರೆ, ಅಲ್ಲಿಗೇ ನಿಲ್ಲಿಸಬೇಕು.

ಮೂರು ವಾರ ಕಳೆದರೂ ಸ್ವರ ಮರಳದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಬೇಕು. ರಕ್ತ ಕಂಡರೆ, ಉಸಿರಾಡಲು ಅಥವಾ ನುಂಗಲು ಕಷ್ಟವಾದರೆ ಅಷ್ಟು ದಿನ ಕಾಯುವಂತೆಯೇ ಇಲ್ಲ. ವ್ಯಾಯಾಮ ಕಲಿಸುವ ವಾಕ್‌ಚಿಕಿತ್ಸಕರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಸಿಗುತ್ತಾರೆ. ಜೀವಂತ ಗಂಟಲಿನ ತಂತುಗಳನ್ನು 1854ರಲ್ಲಿ ಕನ್ನಡಿ ಹಿಡಿದು ನೋಡಿ ದಾರಿ ತೋರಿಸಿದವರು ವೈದ್ಯರಲ್ಲ, ಮಾನ್ಯುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು. ನೋಡಿದ್ದು ತಮ್ಮದೇ ಗಂಟಲನ್ನು. ಈಗ ಆ ಕೆಲಸಕ್ಕೆ ಕ್ಯಾಮೆರಾ ಇದೆ. ರೋಗಿ ಬಾಯಿ ತೆರೆದು, ನಾಲಿಗೆ ಚಾಚಿ, ಹೇಳಿದಷ್ಟು ಹೊತ್ತು 'ಈ' ಎನ್ನಬೇಕು.