ನೊಣ ಕಟ್ಟುವ ಷಡ್ಡಕರು

ನಮ್ಮ ಷಡ್ಡಕರು ಮೀನು ತಿನ್ನುವವರಲ್ಲ. ಮೊಟ್ಟೆಯನ್ನೂ ಅಷ್ಟೇ, ಕೇಕಿನೊಳಗೆ ಅಡಗಿದ್ದರೆ ಮಾತ್ರ, ಅದೂ ಯಾರನ್ನೂ ವಿಚಾರಿಸದೆ ತಿನ್ನುತ್ತಾರೆ. ಆದರೆ ಡೆಟ್ರಾಯಿಟ್ ಪಕ್ಕದ ಅವರ ಮನೆಯ ಬೇಸ್‌ಮೆಂಟಿನಲ್ಲಿ ಹನ್ನೊಂದು ಹುಂಜಗಳ ಕುತ್ತಿಗೆ ಚರ್ಮ, ನಾಲ್ಕು ಮೊಲದ ಮುಖ, ಎರಡು ಜಿಂಕೆ ಬಾಲ, ಬಾಲ ಸಮೇತ ಒಂದು ಇಡೀ ಫೆಸೆಂಟ್ ಹಕ್ಕಿಯ ತೊಗಲು ಇವೆ. ನೇರ ಅದರ ಮೇಲೆ ದೇವರ ಗೂಡು. "ಎಲ್ಲಾ ಒಣಗಿದ್ದು ರೀ" ಎನ್ನುತ್ತಾರೆ. ಒಣಗಿದ್ದು ಮಡಿಗೆ ಬರುತ್ತದೆಂದು ಯಾವ ಶಾಸ್ತ್ರ ಹೇಳುತ್ತದೋ, ನಾನು ಕೇಳಲು ಹೋಗಿಲ್ಲ.

ಈ ತಳಿಯ ಗಂಡಸರನ್ನು ನೀವೂ ಬೇರೆ ವೇಷದಲ್ಲಿ ಕಂಡಿರುತ್ತೀರಿ. ಊರಲ್ಲೇ ಇದ್ದಿದ್ದರೆ ಇವರು ಹಳೇ ರೇಡಿಯೋ ಬಿಚ್ಚಿ ಜಗಲಿ ತುಂಬಾ ಹರಡುತ್ತಿದ್ದರು, ಇಲ್ಲವೇ ಹೋಮಿಯೋಪಥಿ ಶೀಶೆಗಳಿಗೆ ಚೀಟಿ ಅಂಟಿಸುತ್ತ ಕೂತಿರುತ್ತಿದ್ದರು. ಮಿಷಿಗನ್ನಿನಲ್ಲಿ ಚಳಿಗಾಲ ಬಂತೆಂದರೆ ಸಂಜೆ ಐದಕ್ಕೆ ಕತ್ತಲು. ಹಗಲೆಲ್ಲಾ ಕಾರಿನ ಬ್ರೇಕಿನ ಲೆಕ್ಕ ಹಾಕಿದವರು ಕತ್ತಲಾದ ಮೇಲೆ ಏನು ಮಾಡಬೇಕು? ನೊಣ ಕಟ್ಟುತ್ತಾರೆ.

"ನೊಣ ಕಟ್ಟೋದು ಅಂದ್ರೆ ಎಂತದು ಮಾರಾಯ?" ಎಂದು ಕಳೆದ ನವೆಂಬರಿನಲ್ಲಿ ತೀರ್ಥಹಳ್ಳಿಯಿಂದ ಬಂದ ಅವರ ಅಮ್ಮ ಕೇಳಿದರು. ಮಗ ಇಕ್ಕಳದ ಬಾಯಿಗೆ ಅಕ್ಕಿಕಾಳಿನಷ್ಟು ಕೊಕ್ಕೆ ಕಚ್ಚಿಸಿ, ಕೂದಲೆಳೆಯಂಥ ದಾರ ಸುತ್ತಿ, ನವಿಲುಗರಿಯ ಒಂದೆಳೆಯಿಂದ ಮೈ ಮಾಡಿ, ಕುತ್ತಿಗೆಗೆ ಹುಂಜದ ಗರಿ ತಿರುಗಿಸಿ ಗಂಟು ಹಾಕಿದರು. ಕೊಕ್ಕೆ ನೊಣವಾಯಿತು. ಹೊಳೆಯ ಮೇಲೆ ಇದನ್ನು ತೇಲಿಬಿಟ್ಟರೆ ಟ್ರೌಟ್ ಮೀನು ನಿಜವಾದ ಹುಳವೆಂದು ನುಂಗುತ್ತದೆ. ನುಂಗಿದ ಮೀನನ್ನು ಎತ್ತಿ, ಫೋಟೋ ತೆಗೆದು, ಮತ್ತೆ ನೀರಿಗೆ ಬಿಡುವುದು.

"ಬಿಡೋದಾದ್ರೆ ಹಿಡಿಯೋದು ಎಂತಕ್ಕೆ?"

ಇಪ್ಪತ್ತು ವರ್ಷದಿಂದ ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆ. ಷಡ್ಡಕರು ಉತ್ತರಿಸದೆ ಮುಂದಿನ ಕೊಕ್ಕೆ ಕಚ್ಚಿಸಿದರು. ಏಪ್ರಿಲ್ ತಿಂಗಳ ಕಡೇ ಶನಿವಾರ ಇಲ್ಲಿ ಟ್ರೌಟ್ ಹಿಡಿಯುವ ಕಾಲ ಶುರು. ಅವತ್ತು ಓ ಸೇಬಲ್ ಹೊಳೆಗೆ ಹೊರಡುವಾಗ ಅವರ ಡಬ್ಬಿಯಲ್ಲಿ ನಾನೂರು ನೊಣ. ಹೋದ ವರ್ಷ ಸಿಕ್ಕಿದ ಮೀನು ಮೂರು. ಮಿಕ್ಕ ನೊಣಗಳನ್ನು ಹೊಳೆದಂಡೆಯ ಮರಗಳು ನುಂಗಿದವು. ಅಮ್ಮ ಮಾತ್ರ ಕನ್ನಡಕ ಏರಿಸಿ ಆ ಗಂಟನ್ನು ನೋಡಿ, "ಮಲ್ಲಿಗೆ ಕಟ್ಟಿದ ಹಾಗೇ. ನೀ ಸ್ವಲ್ಪ ಸಡ್ಲ ಬಿಡ್ತೀಯ" ಎಂದರು.

ಇನ್ನು ಮನೆಯ ಪ್ರಾಣಿಗಳು. ಬೋರ ಎಂಬ ಲ್ಯಾಬ್ರಡಾರ್ ನಾಯಿ, ಕಿಟ್ಟಿ ಎಂಬ ಬೆಕ್ಕು. ಮಕ್ಕಳು ಇಂಗ್ಲಿಷಿನಲ್ಲಿ ಬೆಕ್ಕಿನ ಮರಿಗೆ ಅನ್ನುವ ಹಾಗೆ ಕಿಟ್ಟಿ ಎಂದಿಟ್ಟರು. ಅಮ್ಮ ಅದನ್ನು ಕೃಷ್ಣಮೂರ್ತಿಯ ಕಿಟ್ಟಿ ಎಂದೇ ತಿಳಿದು "ಬಾರೋ ಕಿಟ್ಟಪ್ಪ" ಎಂದು ಕರೆಯುತ್ತಾರೆ. ಬೆಕ್ಕು ಓಗೊಡುವುದು ಅವರೊಬ್ಬರಿಗೇ.

ನಾಯಿಯ ಕಣ್ಣಿಗೆ ಮೊಲದ ಮುಖ ಕಸುಬಿನ ಸಾಮಾನಲ್ಲ, ಮೊಲ. ಬೋರ ಒಂದು ಸಲ ಕಡುಹಸಿರು ಬಣ್ಣ ಹಾಕಿದ ಮೊಲದ ಚರ್ಮ ಅಗಿದು ಎರಡು ದಿನ ಹಸಿರು ಜೊಲ್ಲು ಸುರಿಸಿದ. ಅವನ ಕಳ್ಳತನ ಅಷ್ಟು ಸರಳ. ಕಿಟ್ಟಿ ಹಾಗಲ್ಲ, ಪಾರಖಿ. ಬಾತುಕೋಳಿಯ ಬಾಲದ ಬುಡದ ಎಣ್ಣೆ ಗ್ರಂಥಿಯ ಸುತ್ತ ಬೆಳೆಯುವ ನವಿರಾದ ಗರಿಗಳಿವೆ, ಎಣ್ಣೆಯಂಶ ಇರುವುದರಿಂದ ನೀರಿನಲ್ಲಿ ತೇಲುತ್ತವೆ ಎಂದು ಇವರು ಅವುಗಳಿಗೆ ಪ್ರಾಣ ಬಿಡುತ್ತಾರೆ. ಕಿಟ್ಟಿಯೂ ಅದಕ್ಕೇ ಬಿಡುತ್ತಾನೆ. ಅಗ್ಗದ ಟರ್ಕಿ ಪುಕ್ಕ ಮುಂದೆ ಹಿಡಿದರೆ ಆಕಳಿಸುತ್ತಾನೆ.

ಷಡ್ಡಕರ ರಕ್ಷಣಾ ಕಾರ್ಯಾಚರಣೆ ಒಂದೊಂದು ತಿಂಗಳಿಗೆ ಒಂದೊಂದು. ಜಿಪ್ ಚೀಲ: ಕಿಟ್ಟಿ ಹಲ್ಲಿನಿಂದ ಬಿಚ್ಚುವುದನ್ನು ಕಲಿತ. ಬೆಕ್ಕಿಗೆ ವಾಸನೆ ಆಗದೆಂದು ಮೇಜಿನ ಸುತ್ತ ಕಿತ್ತಳೆ ಸಿಪ್ಪೆ: ಬೇಸ್‌ಮೆಂಟಿಗೆ ಬರುವುದನ್ನು ನಿಲ್ಲಿಸಿದ್ದು ನಮ್ಮ ಅತ್ತಿಗೆ ಒಬ್ಬರೇ. ಗರಿಗೆ ಹುಳ ಹಿಡಿಯಬಾರದೆಂದು ಇಟ್ಟ ನುಸಿಗುಳಿಗೆ ಬೆಕ್ಕಿಗೆ ವಿಷವೆಂದು ಪ್ರಾಣಿವೈದ್ಯರು ಬೈದ ಮೇಲೆ, ಹೊಸದಾಗಿ ತಂದ ಚರ್ಮಗಳನ್ನು ಕೆಲವು ವಾರ ಫ್ರೀಜರಿನಲ್ಲಿ ಇಡುವ ಪದ್ಧತಿ ಬಂತು. ಹುಳದ ಮರಿ ಸಾಯುತ್ತವೆ, ಅದು ನಿಜ. ಆದರೆ ಅತ್ತಿಗೆಯ ತೆಂಗಿನತುರಿಯ ಪೊಟ್ಟಣಗಳೂ ಅಲ್ಲೇ. ಸಾರಿಗೆಂದು ಕೈ ಹಾಕಿದವರ ಕೈಗೆ ಹುಂಜದ ಕುತ್ತಿಗೆ ಬಂದ ದಿನ ಆ ಮನೆಯಲ್ಲಿ ನಡೆದ ಮಾತುಕತೆಯನ್ನು ನಾನಿಲ್ಲಿ ಬರೆಯಲಾರೆ.

ಇದಿಷ್ಟೂ ನಗುವ ವಿಷಯ. ದಾರದ ಪ್ರಸಂಗ ಹಾಗಿರಲಿಲ್ಲ. ಒಂದು ಭಾನುವಾರ ಕಿಟ್ಟಿ ಊಟ ಬಿಟ್ಟು ಸೋಫಾ ಕೆಳಗೆ ಸೇರಿದ. ಬಾಯಿಯ ಅಂಚಿನಲ್ಲಿ ಒಂದಿಂಚು ಕೆಂಪು ದಾರ. ಷಡ್ಡಕರು ಎಳೆಯಲು ಕೈ ಚಾಚಿದ್ದರು; ಫೋನಿನಲ್ಲಿದ್ದ ವೈದ್ಯರು ಕೂಗಿ ನಿಲ್ಲಿಸಿದರು. ಬೆಕ್ಕು ನುಂಗಿದ ದಾರದ ಒಂದು ತುದಿ ನಾಲಗೆಯ ಬುಡಕ್ಕೆ ಸಿಕ್ಕಿಕೊಂಡು, ಮಿಕ್ಕದ್ದು ಕರುಳಿಗೆ ಇಳಿದಿರುತ್ತದಂತೆ. ಲಾಡಿ ಎಳೆದರೆ ಲಂಗ ನೆರಿಗೆಗಟ್ಟುವ ಹಾಗೆ ಕರುಳು ನೆರಿಗೆಗಟ್ಟುತ್ತದೆ, ಎಳೆದರೆ ಕೊಯ್ದೇ ಹೋಗಬಹುದು. ಆಪರೇಷನ್ ಆಯಿತು. ಆ ಖರ್ಚಿನಲ್ಲಿ ಓ ಸೇಬಲ್ ದಂಡೆಯಲ್ಲಿ ಒಂದು ತಿಂಗಳು ಕೂರಬಹುದಿತ್ತು. ಆಸ್ಪತ್ರೆಯಿಂದ ಬಂದ ರಾತ್ರಿ ಷಡ್ಡಕರು ನೆಲದ ಮೇಲೆ ಮಂಡಿಯೂರಿ, ಟಾರ್ಚು ಹಿಡಿದು, ದಾರದ ಚೂರು, ಜರಿಯೆಳೆ, ಸೀಸದ ತಂತಿ, ಉದುರಿದ ಕೊಕ್ಕೆ ಎಲ್ಲವನ್ನೂ ಆಯಸ್ಕಾಂತ ಮತ್ತು ಬೆರಳಿನಿಂದ ಹೆಕ್ಕಿದರು. ಅವರು ಅಷ್ಟು ಹೊತ್ತು ಮಾತಿಲ್ಲದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೂರನೇ ದಿನಕ್ಕೆ ಮಾತು ಬಂತು. ಕಾರಣ, ಕಾಡುಕೋಳಿ. ನಮ್ಮ ಪಶ್ಚಿಮ ಘಟ್ಟದ ಕಾಡುಹುಂಜದ ಕುತ್ತಿಗೆಗರಿಗಳಲ್ಲಿ ಮೇಣದ ತೊಟ್ಟು ಬಿದ್ದಂಥ ಬಿಳಿ-ಹಳದಿ ಚುಕ್ಕೆಗಳಿರುತ್ತವೆ. ಬ್ರಿಟಿಷರ ಹಳೆಯ ಸಾಮನ್ ನೊಣಗಳಿಗೆ ಇದೇ ಕಣ್ಣು. 1972ರ ವನ್ಯಜೀವಿ ಕಾಯ್ದೆಯ ಮೇಲೆ ನಮ್ಮಲ್ಲಿ ಈ ಹಕ್ಕಿಯನ್ನು ಮುಟ್ಟುವ ಹಾಗಿಲ್ಲ. ಇಲ್ಲಿ ಸಿಗುವುದು ಹೊರದೇಶದಲ್ಲಿ ಸಾಕಿದ ಹಕ್ಕಿಯದು, ಒಂದು ಕುತ್ತಿಗೆಗೆ ನೂರು ಡಾಲರಿಗೂ ಮೇಲೆ. ಷಡ್ಡಕರು ಅದನ್ನು ಬಿಚ್ಚಿ ತೋರಿಸಿದಾಗ ಅಮ್ಮ, "ಅಯ್ಯೋ, ನಮ್ಮನೆ ತೋಟದ ಹಿಂದೆ ಬೆಳಗಾತ ಕೂಗ್ತದಲ್ಲ, ಅದೇ!" ಎಂದರು. ಕಿಟ್ಟಿ, ಹೊಟ್ಟೆಯ ಹೊಲಿಗೆ ಸಮೇತ, ಮೆಟ್ಟಿಲಿಳಿದು ಬಂದ.

ಅಂದು ಷಡ್ಡಕರು ಇಂಗ್ಲೆಂಡಿನ ಕಥೆ ಹೇಳಿದರು. 2009ರಲ್ಲಿ ಟ್ರಿಂಗ್ ಎಂಬಲ್ಲಿನ ಮ್ಯೂಸಿಯಮ್ಮಿಗೆ ಲಂಡನ್ನಿನಲ್ಲಿ ಓದುತ್ತಿದ್ದ ಅಮೆರಿಕನ್ ಹುಡುಗನೊಬ್ಬ ಕಿಟಕಿ ಒಡೆದು ನುಗ್ಗಿ, ನೊಣ ಕಟ್ಟುವ ಹುಚ್ಚಿಗಾಗಿ 299 ಹಕ್ಕಿಗಳ ತೊಗಲು ಕದ್ದ. ಓದುತ್ತಿದ್ದದ್ದು ಕೊಳಲು. "ಕೊಳಲು, ಗರಿ, ಕಳ್ಳತನ ಮೂರೂ ಒಬ್ಬನಲ್ಲೇ! ಹುಡುಕೋದು ಅಷ್ಟು ಕಷ್ಟವಾ?" ಎಂದರು ಅಮ್ಮ. ಸಿಕ್ಕಿಬೀಳಲು ವರ್ಷಕ್ಕೂ ಮೇಲಾಯಿತು.

ಆಮೇಲೆ ಅಮ್ಮ ಎದ್ದು ಬಟ್ಟೆ ಒಣಗಿಸುವ ಹಗ್ಗ ಕೇಳಿದರು. ಒಂದು ಗಂಟೆಯಲ್ಲಿ ನೆಲುವು ಹೆಣೆದಾಯಿತು, ಹಾಲು ಮೊಸರು ತೂಗುಹಾಕುತ್ತಿದ್ದಂಥದೇ. ಊರಿಂದ ಚಕ್ಕುಲಿ ತುಂಬಿ ತಂದಿದ್ದ ಸ್ಟೀಲಿನ ಡಬ್ಬ ಬರಿದಾಗಿತ್ತು. ಕಾಡುಕೋಳಿ ಅದರೊಳಗೆ ಹೋಗಿ, ಬಿಗಿ ಮುಚ್ಚಳ ಬಿದ್ದು, ಬೇಸ್‌ಮೆಂಟಿನ ನಡುಮಧ್ಯೆ ಸೂರಿನಿಂದ ನೇತಾಡಿತು.

ಹೋದ ವಾರ ನಾನು ಹೋದಾಗ ಬೋರ ನೆಲುವಿನ ನೇರ ಕೆಳಗೆ ಮಲಗಿದ್ದ, ಮೂಗು ಮೇಲೆ. ಡಬ್ಬಕ್ಕಿನ್ನೂ ಚಕ್ಕುಲಿ ವಾಸನೆಯಿದೆ. ಕಿಟ್ಟಿ ಪುಸ್ತಕದ ಕಪಾಟಿನ ತುದಿಯಲ್ಲಿ, ಬಾಲ ಮಾತ್ರ ಅಲ್ಲಾಡಿಸುತ್ತ. "ಮೇಲಿಂದ ಬೀಳ್ಸೋನು ಅವ, ಕೆಳಗೆ ಕಾಯೋನು ಇವ" ಎಂದರು ಅಮ್ಮ, ಯಾರ ಪಕ್ಷ ಎಂದು ಗೊತ್ತಾಗದ ದನಿಯಲ್ಲಿ.

ಷಡ್ಡಕರು ಟೇಪು ತಂದು ಕಪಾಟಿನಿಂದ ನೆಲುವಿಗೆ ಅಳತೆ ಹಿಡಿದರು. ಐದಡಿ ಎರಡಿಂಚು. ಕಿಟ್ಟಿ ಅದನ್ನು ಆಗಲೇ ಅಳೆದು ಮುಗಿಸಿದ್ದ.